ಉಸಿರಿನ ಜಾಡು ಹಿಡಿದು ಬರುವ ನೊಣ

"ಅಣ್ಣಾ, ನಿನ್ನ ಕಿವಿ ಹಿಂದೆ ರಕ್ತ!"

ತಂಗಿ ಹೀಗೆ ಕೂಗಿದಾಗ ನಾನು ಹಳ್ಳದ ಬಂಡೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಚಿತ್ರಾನ್ನ ತಿನ್ನುತ್ತಿದ್ದೆ. ಕೈಯಿಟ್ಟು ನೋಡಿದರೆ ಬೆರಳಿಗೆ ಹಸಿ ರಕ್ತ ಅಂಟಿತು. ನೋವಿಲ್ಲ, ಉರಿಯಿಲ್ಲ, ಚುಚ್ಚಿದ ಅರಿವೂ ಇಲ್ಲ. ಮೇ ತಿಂಗಳ ಕೊನೆಯ ವಾರ. ಬಿಸಿಲು ಹಿತವಾಗಿತ್ತು, ಮೇಪಲ್ ಮರಗಳಲ್ಲಿ ಎಳೆ ಎಲೆ ಬಿಚ್ಚುತ್ತಿತ್ತು, ಹಿಮ ಕರಗಿದ ನೀರು ಕಲ್ಲಿನಿಂದ ಕಲ್ಲಿಗೆ ಧುಮುಕುತ್ತಿತ್ತು. ನ್ಯೂಯಾರ್ಕ್ ಎಂದರೆ ನಮಗೆ ಕಣ್ಣಿಗೆ ಬರುವುದು ಗಗನಚುಂಬಿಗಳು. ಆದರೆ ಅದೇ ಹೆಸರಿನ ರಾಜ್ಯದ ಉತ್ತರ ಭಾಗದಲ್ಲಿ ಅಡಿರಾಂಡ್ಯಾಕ್ ಎಂಬ ಮಹಾ ಕಾಡಿದೆ. 1892ರಲ್ಲಿ ಉದ್ಯಾನವೆಂದು ಗಡಿ ಹಾಕಿಸಿಕೊಂಡ ಈ ಪ್ರದೇಶದ ವಿಸ್ತಾರ ಸುಮಾರು 24,000 ಚದರ ಕಿಲೋಮೀಟರ್. ಇಡೀ ಕರ್ನಾಟಕದ ಎಂಟನೇ ಒಂದು ಪಾಲು. ಬೆಟ್ಟ, ಸಾವಿರಾರು ಕೆರೆ, ಎಣಿಸಲಾಗದಷ್ಟು ತೊರೆ. ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಇಂಥ ಕಾಡುಗಳಿಗೆ ಹೋಗುತ್ತಾರೆ. ಅವರು ಹೋಗುವ ಹೊತ್ತೂ ನನ್ನನ್ನು ಕಚ್ಚಿದ ನೊಣ ಏಳುವ ಹೊತ್ತೂ ಒಂದೇ.

ಊಟ ಮುಗಿಯುವಷ್ಟರಲ್ಲಿ ನನ್ನ ಕತ್ತು, ಹಣೆಯ ಅಂಚು, ಕಾಲುಚೀಲದ ಮೇಲಿನ ಬರಿ ಚರ್ಮ ಸೇರಿ ಏಳು ಕಡೆ ಕೆಂಪು ಚುಕ್ಕೆ ಮೂಡಿದ್ದವು. ಮಧ್ಯದಲ್ಲಿ ಸೂಜಿಮೊನೆಯಷ್ಟು ಹೆಪ್ಪುಗಟ್ಟಿದ ರಕ್ತ, ಸುತ್ತ ನಸುಗೆಂಪು ಬಳೆ. ಮರುದಿನ ಬೆಳಿಗ್ಗೆ ಕಿವಿ ದಪ್ಪಗಾಗಿ ಕನ್ನಡಕದ ಕಡ್ಡಿ ಕೂರದಾಯಿತು. ಒಂದು ವಾರ ತುರಿಕೆ. ತಂಗಿಯ ಮಗ ಮೊಣಕೈ ಮೇಲೆ ಹೊಡೆದು ಕೊಂದ ಒಂದು ನೊಣವನ್ನು ಅಂಗೈಯಲ್ಲಿಟ್ಟು ತೋರಿಸಿದ. ಎಳ್ಳುಕಾಳಿಗಿಂತ ತುಸು ದೊಡ್ಡದು. ಕಪ್ಪು, ಗಿಡ್ಡ ಕಾಲು, ಬೆನ್ನು ಗೂನು. ಇಷ್ಟು ಚಿಕ್ಕ ಜೀವಿ ಇಷ್ಟು ದೊಡ್ಡ ಬಾವು ಎಬ್ಬಿಸಿದ್ದು ಹೇಗೆಂದು ತಿಳಿಯದೆ ನನಗೆ ಸಮಾಧಾನವಾಗಲಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಬ್ಲ್ಯಾಕ್ ಫ್ಲೈ ಎನ್ನುತ್ತಾರೆ, ನಾವು ಕಪ್ಪು ನೊಣ ಎನ್ನೋಣ. ಜಗತ್ತಿನಲ್ಲಿ ಇದರ ಎರಡು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಅರುಣಾಚಲದ ಕಾಡಿನಲ್ಲಿ ಕಾವಲಿರುವ ಸೈನಿಕರು ಡಿಮ್ ಡಾಮ್ ಎಂದು ಬೈಯುವುದೂ ಇದೇ ಕುಲದ ನೊಣವನ್ನು. ಸೊಳ್ಳೆ ಕಚ್ಚುವ ಬಗೆ ಬೇರೆ, ಇದರ ಬಗೆ ಬೇರೆ. ಸೊಳ್ಳೆಯದು ಸೂಜಿ, ಚರ್ಮದೊಳಗೆ ಇಳಿಸಿ, ರಕ್ತನಾಳ ಹುಡುಕಿ, ಹೀರಿ ಹೋಗುತ್ತದೆ. ಕಪ್ಪು ನೊಣದ ಬಾಯಲ್ಲಿ ಇರುವುದು ಗರಗಸದಂಥ ಹಲ್ಲುಳ್ಳ ಪುಟ್ಟ ಕತ್ತರಿ. ಚರ್ಮವನ್ನು ಮೊದಲು ಹಿಗ್ಗಿಸಿ ಹಿಡಿದು ಕೊಯ್ಯುತ್ತದೆ, ಆ ಗಾಯದಲ್ಲಿ ರಕ್ತ ಒಸರಿ ಮಡು ನಿಂತ ಮೇಲೆ ನೆಕ್ಕಿ ಕುಡಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ, ನಾಳಗಳು ಸಂಕೋಚಗೊಳ್ಳದಂತೆ ಮಾಡುವ ಪ್ರೋಟೀನುಗಳು ಅದರ ಜೊಲ್ಲಿನಲ್ಲಿವೆ. ನೊಣ ಹೋದ ಮೇಲೂ ರಕ್ತ ಇಳಿಯುವುದು ಅದಕ್ಕೇ. ಬಾವು, ತುರಿಕೆ ಮಾತ್ರ ನಮ್ಮ ದೇಹದ್ದೇ ಕೆಲಸ. ಆ ಪರಕೀಯ ಪ್ರೋಟೀನನ್ನು ಎದುರಿಸಲು ರಕ್ಷಣಾ ವ್ಯವಸ್ಥೆ ಹೂಡುವ ಯುದ್ಧದ ಗುರುತು. ಒಮ್ಮೆಗೇ ಬಹಳ ನೊಣ ಕಚ್ಚಿದರೆ ಜ್ವರ, ತಲೆನೋವು, ಕತ್ತಿನ ಗ್ರಂಥಿ ಊದುವುದೂ ಉಂಟು. ಡಾನ್ಯೂಬ್ ನದಿಯ ದಂಡೆಯಲ್ಲಿ 1923ರಲ್ಲಿ ಈ ಕುಲದ ಒಂದು ಜಾತಿ ಮೋಡದಂತೆ ಎದ್ದು ಸಾವಿರಾರು ದನ ಕುದುರೆಗಳನ್ನು ಕೊಂದಿತ್ತು.

ಕಚ್ಚುವುದು ಹೆಣ್ಣು ಮಾತ್ರ. ಗಂಡು ಹೂವಿನ ಮಕರಂದ ಕುಡಿದು ಬದುಕುತ್ತದೆ. ಹೆಣ್ಣಿಗೂ ಹಾರಾಟದ ಶಕ್ತಿಗೆ ಮಕರಂದವೇ ಸಾಕು, ಆದರೆ ಹೊಟ್ಟೆಯಲ್ಲಿ ನೂರಾರು ಮೊಟ್ಟೆ ಬಲಿಯಬೇಕಲ್ಲ, ಅದಕ್ಕೆ ಪ್ರೋಟೀನು ಬೇಕು. ಬಾಣಂತನಕ್ಕೆ ಮುಂಚಿನ ಒಂದೇ ಒಂದು ಊಟಕ್ಕಾಗಿ ಅದು ಬಿಸಿರಕ್ತದ ಪ್ರಾಣಿಯನ್ನು ಹುಡುಕಿ ಹೊರಡುತ್ತದೆ.

ಆ ಮೊಟ್ಟೆ ಎಲ್ಲಿ ಒಡೆಯುತ್ತದೆ ಎಂದು ನೋಡಲು ನಾನು ಮಾರನೆಯ ದಿನ ಅದೇ ಹಳ್ಳಕ್ಕೆ ಇಳಿದೆ. ಈ ಸಲ ತಲೆಗೆ ಬಲೆ ಹಾಕಿಕೊಂಡಿದ್ದೆ. ನೀರು ರಭಸವಾಗಿ ಹರಿಯುವ ಕಡೆಯಿಂದ ಒಂದು ಕಲ್ಲನ್ನೆತ್ತಿದೆ. ಅದರ ಬೆನ್ನ ಮೇಲೆ ಪಾಚಿಯೆಂದುಕೊಂಡದ್ದು ಪಾಚಿಯಲ್ಲ. ಅಕ್ಕಿನುಚ್ಚಿನಷ್ಟುದ್ದದ ಕಂದು ಹುಳುಗಳ ಸಾಲು. ಕಲ್ಲನ್ನು ಮತ್ತೆ ನೀರೊಳಗೆ ಒಂದು ಬೆರಳು ಆಳಕ್ಕೆ ಹಿಡಿದೆ. ಒಂದೊಂದೂ ಎದ್ದು ನಿಂತು ಹರಿವಿಗೆ ಬಾಗಿದವು. ಹುಳು ಮೊದಲು ಬಾಯಿಂದ ರೇಷ್ಮೆಯಂಥ ಅಂಟು ಬಿಟ್ಟು ಕಲ್ಲಿಗೆ ಬಳಿಯುತ್ತದೆ, ಹಿಂಬದಿಯಲ್ಲಿರುವ ಕೊಕ್ಕೆಗಳನ್ನು ಆ ಅಂಟಿನಲ್ಲಿ ಸಿಕ್ಕಿಸಿ ನಿಲ್ಲುತ್ತದೆ, ತಲೆಯ ಎರಡು ಬದಿಗೆ ಬೀಸಣಿಗೆಯಂತೆ ಕೂದಲ ಗುಚ್ಛ ಬಿಚ್ಚಿ ನೀರನ್ನು ಸೋಸಿ ತಿನ್ನುತ್ತದೆ. ಕೆಲವು ಜಾತಿಯ ಮರಿಗಳು ಮಂಜುಗಡ್ಡೆಯ ಹೊದಿಕೆಯ ಕೆಳಗೇ ಇಡೀ ಚಳಿಗಾಲ ಹೀಗೆ ನಿಂತು ಬೆಳೆಯುತ್ತವೆ. ಕೋಶದೊಳಗೆ ರೆಕ್ಕೆ ಬಲಿತ ನೊಣ ಒಂದು ಗಾಳಿಗುಳ್ಳೆಯೊಳಗೆ ಕೂತು ಮೇಲಕ್ಕೆ ತೇಲುತ್ತದೆ, ಗುಳ್ಳೆ ಒಡೆದ ಕ್ಷಣದಲ್ಲಿ ಹಾರುತ್ತದೆ. ಅದರ ರೆಕ್ಕೆಗೆ ನೀರಿನ ತೇವ ತಾಗುವುದೇ ಇಲ್ಲ.

ನಿಂತ ನೀರಿನಲ್ಲಿ ಈ ಮರಿ ಬದುಕದು. ಕೊಳಕಾದ, ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಬಹುಪಾಲು ಜಾತಿಗಳು ಸಾಯುತ್ತವೆ. ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ನದಿಯ ಕಥೆ ಇದಕ್ಕೆ ಸಾಕ್ಷಿ. ಆ ನದಿಯಲ್ಲಿ ತಲೆಮಾರುಗಳ ಕಾಲ ಮರದ ದಿಮ್ಮಿ ತೇಲಿಬಿಡುತ್ತಿದ್ದರು, ದಂಡೆಯ ಕಾಗದ ಕಾರ್ಖಾನೆಗಳು ಹೊಲಸು ಸುರಿಯುತ್ತಿದ್ದವು. 1972ರಲ್ಲಿ ಅಮೆರಿಕದ ಶುದ್ಧ ಜಲ ಕಾಯ್ದೆ ಬಂತು, ದಿಮ್ಮಿ ತೇಲಿಸುವುದೂ ನಿಂತಿತು, ನದಿ ತಿಳಿಯಾಯಿತು. ಮೀನಿನ ಜೊತೆ ಕಪ್ಪು ನೊಣವೂ ಬಂತು, ಎಷ್ಟೆಂದರೆ ದಂಡೆಯ ಊರುಗಳ ಜನ ಅಂಗಳಕ್ಕಿಳಿಯುವುದೇ ಕಷ್ಟವಾಯಿತು. ಅಲ್ಲಿ ಸಿಕ್ಕ ಒಂದು ಜಾತಿಗೆ ಆ ನದಿಯ ಹೆಸರನ್ನೇ ಇಟ್ಟಿದ್ದಾರೆ. ಕಚ್ಚಿಸಿಕೊಂಡ ಕಿವಿಯನ್ನು ಸವರಿಕೊಳ್ಳುತ್ತಲೇ ನನಗೆ ಈ ನೊಣದ ಮೇಲೆ ಗೌರವ ಮೂಡಿದ್ದು ಈ ಸಂಗತಿ ತಿಳಿದಾಗ.

ಹಾಗೆಂದು ಕಚ್ಚಿಸಿಕೊಂಡೇ ಕೂರಬೇಕಿಲ್ಲ. ನೊಣ ಹುಡುಕಿಕೊಂಡು ಬರುವುದು ನಿಮ್ಮನ್ನಲ್ಲ. ನಿಮ್ಮಿಂದ ಹೊರಡುವ ನಾಲ್ಕಾರು ಸುಳಿವುಗಳನ್ನು. ಮೊದಲನೆಯದು ಉಸಿರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು, ನಾವು ಬಿಡುವ ಉಸಿರಿನಲ್ಲಿ ಸುಮಾರು 4. ನೂರುಪಟ್ಟು ದಟ್ಟವಾದ ಆ ಎಳೆ ಗಾಳಿಯಲ್ಲಿ ಊದುಬತ್ತಿಯ ಹೊಗೆಯಂತೆ ಸುರುಳಿ ಬಿಡುತ್ತಾ ದೂರ ಹೋಗುತ್ತದೆ. ಹೆಣ್ಣು ನೊಣ ಆ ಎಳೆ ಮೂಗಿಗೆ ಬಡಿದ ಕೂಡಲೇ ಗಾಳಿಗೆ ಎದುರಾಗಿ ಹಾರುತ್ತದೆ. ಹತ್ತಿರ ಬಂದ ಮೇಲೆ ಕಣ್ಣಿನ ಕೆಲಸ: ಕಪ್ಪಗಿರುವುದು ಯಾವುದು, ಸುತ್ತಲಿನಿಂದ ಎದ್ದು ಕಾಣುವುದು ಯಾವುದು? ಮೈಮೇಲೆ ಕೂತ ಮೇಲೆ ಬಿಸುಪು, ಬೆವರಿನ ವಾಸನೆ. ಕೂದಲ ಅಂಚು, ಕಿವಿಯ ಹಿಂದು, ಕಾಲರಿನ ಒಳಗು, ಎಲ್ಲಿ ಸಂದಿಯಿದೆಯೋ ಅಲ್ಲಿಗೆ ತೆವಳುತ್ತದೆ. ಬಟ್ಟೆಯ ಮೇಲಿಂದ ಕಚ್ಚಲು ಅದರ ಗಿಡ್ಡ ಕತ್ತರಿಗೆ ಆಗದು.

ಇಷ್ಟು ಗೊತ್ತಾದರೆ ಮಾಡಬೇಕಾದ್ದು ತಾನಾಗಿ ಹೊಳೆಯುತ್ತದೆ. ಕಪ್ಪು, ಕಡುನೀಲಿ ಬಟ್ಟೆ ಬೇಡ; ಬಿಳಿ, ಕೆನೆ, ತೆಳು ಕಂದು ಇರಲಿ. ತುಂಬು ತೋಳಿನ ಅಂಗಿಯ ಗುಂಡಿ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತೂರಿಸಿ. ಸೀರೆ ಉಟ್ಟು ಕಾಡಿಗೆ ಹೋಗುವ ಅಮ್ಮಂದಿರಿಗೆ ಒಳಗೊಂದು ಉದ್ದ ಲೆಗ್ಗಿಂಗ್ಸ್, ಮೇಲೊಂದು ತುಂಬು ತೋಳಿನ ರವಿಕೆ ಬೇಕೇ ಬೇಕು. ಟೊಪ್ಪಿಯ ಮೇಲಿಂದ ಇಳಿಬಿಡುವ ತಲೆಬಲೆ ಕೊಳ್ಳುವಾಗ ಕಪ್ಪು ಬಲೆಯನ್ನೇ ಆರಿಸಿ. ಬಿಳಿ ಬಲೆ ಬಿಸಿಲಿಗೆ ಹೊಳೆದು ಎದುರಿನದೆಲ್ಲ ಮಂಜಾಗಿ ಕಾಣುತ್ತದೆ, ಕಪ್ಪಿನ ಮೂಲಕ ಎಲ್ಲವೂ ಸ್ಪಷ್ಟ. ಕಪ್ಪು ಬಟ್ಟೆ ಬೇಡವೆಂಬ ಮಾತಿಗೆ ಇದೊಂದೇ ವಿನಾಯಿತಿ.

ಆಮೇಲೆ ಜಾಗ. ಕಪ್ಪು ನೊಣ ಹಗಲಿನ ಜೀವಿ, ರಾತ್ರಿ ಕಚ್ಚದು, ಮನೆಯೊಳಗೆ ಬಂದರೂ ಕಿಟಕಿ ಗಾಜಿಗೆ ಬಡಿಯುತ್ತಾ ಹೊರದಾರಿ ಹುಡುಕುತ್ತದೆಯೇ ಹೊರತು ಕಚ್ಚುವ ಗೋಜಿಗೆ ಹೋಗದು. ಗಂಟೆಗೆ ಹದಿನೈದು ಕಿಲೋಮೀಟರಿನಷ್ಟು ಗಾಳಿ ಬೀಸಿದರೆ ಅದಕ್ಕೆ ಹಾರುವುದೇ ಕಷ್ಟ. ಊಟದ ಬುತ್ತಿಯನ್ನು ತಗ್ಗಿನ ತೊರೆಯ ದಂಡೆಯಲ್ಲಿ ಬಿಚ್ಚದೆ ಗಾಳಿಯಾಡುವ ಬೋಳು ಬಂಡೆಯ ಮೇಲೆ ಬಿಚ್ಚಬೇಕು. ನಾವು ಮಾಡಿದ್ದ ತಪ್ಪು ಅದೇ. ಮನೆಯ ಹಿಂದಿನ ಜಗಲಿಯಲ್ಲಾದರೆ ಒಂದು ಸಾದಾ ಟೇಬಲ್ ಫ್ಯಾನ್ ಸಾಕು. ರಾತ್ರಿ ಚಟಪಟ ಎನ್ನುತ್ತಾ ಹುಳ ಸುಡುವ ನೀಲಿ ದೀಪಕ್ಕೆ ಹಣ ಹಾಕಬೇಡಿ. ಅದರಲ್ಲಿ ಸಾಯುವುದು ನಿರುಪದ್ರವಿ ಪತಂಗಗಳು.

ಮಲೆನಾಡಿನ ನಮ್ಮ ಮನೆಯ ಕೊಟ್ಟಿಗೆ ನೆನಪಾಗುತ್ತದೆ. ಹೊತ್ತು ಮುಳುಗುವ ಮುಂಚೆ ಅಜ್ಜಿ ಹಳೆಯ ಮಡಕೆಯೊಂದರಲ್ಲಿ ಕೆಂಡ ಹಾಕಿ, ಭತ್ತದ ಹೊಟ್ಟು ಸುರಿದು, ಮೇಲೆ ಹಸಿ ಲಕ್ಕಿ ಸೊಪ್ಪು ಇಡುತ್ತಿದ್ದಳು. ಹೊಗೆ ಕೊಟ್ಟಿಗೆಯನ್ನೆಲ್ಲ ತುಂಬಿ ಹೆಂಚಿನ ಸಂದಿಯಿಂದ ಹೊರಬರುತ್ತಿತ್ತು. ಅದುವರೆಗೆ ಕಾಲು ಬಡಿಯುತ್ತಾ ಬಾಲ ಬೀಸುತ್ತಾ ಇದ್ದ ದನಗಳು ಮೆಲ್ಲಗೆ ಮಲಗಿ ಮೆಲುಕು ಹಾಕುತ್ತಿದ್ದವು. ಅಡಿರಾಂಡ್ಯಾಕಿನ ಹಳೆಯ ಬೇಟೆಗಾರರೂ ದಾರಿತೋರುಗರೂ ಮಾಡುತ್ತಿದ್ದದ್ದು ಇದನ್ನೇ. ಡೇರೆಯ ಬಾಯಲ್ಲಿ ಹಸಿ ಎಲೆ, ಒದ್ದೆ ತೊಗಟೆ ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಹೊಗೆಯ ಸೆರಗಿನೊಳಗೆ ಇರುವಷ್ಟು ಹೊತ್ತು ಮಾತ್ರ ಈ ರಕ್ಷೆ. ಕಣ್ಣಿಗೂ ಎದೆಗೂ ಅದು ಒಳ್ಳೆಯದಲ್ಲ ಎಂಬುದನ್ನು ಅಜ್ಜಿಯ ಕೆಮ್ಮು ಕೇಳಿ ಬೆಳೆದ ನಾನು ಮರೆಯಲಾರೆ.

ಆ ಕಾಡಿನ ಹಳಬರಲ್ಲಿ ನನಗೆ ಬಹಳ ಹಿಡಿಸಿದವನು ಜಾರ್ಜ್ ವಾಷಿಂಗ್ಟನ್ ಸಿಯರ್ಸ್. ವೃತ್ತಿಯಲ್ಲಿ ಚಮ್ಮಾರ. ಬಾಲ್ಯದಲ್ಲಿ ತನಗೆ ಕಾಡು ಕಲಿಸಿದ ಮೂಲನಿವಾಸಿ ಗೆಳೆಯನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ನೆಸ್ಮಕ್ ಎಂದು ಬರೆಯುತ್ತಿದ್ದ. 1883ರಲ್ಲಿ, ಅರವತ್ತು ದಾಟಿದ ಮೇಲೆ, ಐದು ಕಿಲೋ ತೂಗದ ಪುಟ್ಟ ದೋಣಿಯೊಂದರಲ್ಲಿ ಒಬ್ಬನೇ ಅಡಿರಾಂಡ್ಯಾಕಿನ ಕೆರೆಗಳನ್ನು ಸುತ್ತಿದ. ಮರುವರ್ಷ ಪ್ರಕಟವಾದ 'ವುಡ್‌ಕ್ರಾಫ್ಟ್' ಎಂಬ ಪುಸ್ತಕದಲ್ಲಿ ನೊಣ ತಡೆಯುವ ಲೇಪದ ವಿಧಾನ ಕೊಟ್ಟಿದ್ದಾನೆ: ಪೈನ್ ಮರದ ಕೀಲು ಮೂರು ಪಾಲು, ಹರಳೆಣ್ಣೆ ಎರಡು ಪಾಲು, ಪುದೀನದ ಬಂಧುವಾದ ಪೆನಿರಾಯಲ್ ಸೊಪ್ಪಿನ ಎಣ್ಣೆ ಒಂದು ಪಾಲು, ಸಣ್ಣ ಉರಿಯಲ್ಲಿ ಕಾಯಿಸಿ ಸೀಸೆಗೆ ತುಂಬುವುದು. ಇದನ್ನು ಮೈಗೆ ಬಳಿದುಕೊಂಡು, ತೊಳೆಯದೆ, ಪದರದ ಮೇಲೆ ಪದರ ಕಟ್ಟಲು ಬಿಡಬೇಕೆನ್ನುವುದು ಅವನ ಸಲಹೆ. ನಮ್ಮ ಹರಳೆಣ್ಣೆ ಅಲ್ಲಿಯೂ ಮೈಗೆ ಹತ್ತಿದ್ದನ್ನು ಓದಿ ಸಂತೋಷವಾಯಿತು. ಆದರೆ ಪೆನಿರಾಯಲ್ ಎಣ್ಣೆ ಯಕೃತ್ತಿಗೆ ವಿಷ. ಈಗ ಯಾರೂ ಇದನ್ನು ಮಾಡಿಕೊಳ್ಳುವುದು ಬೇಡ.

ಈಗ ಇರುವ ಲೇಪಗಳಲ್ಲಿ ಹಳೆಯದೊಂದು ಡೀಟ್. ಅಮೆರಿಕದ ಸೇನೆಗೆಂದು 1946ರಲ್ಲಿ ಬಳಕೆಗೆ ಬಂದು, 1957ರಿಂದ ಜನರ ಕೈಗೆ ಸಿಕ್ಕಿತು. ಶೇಕಡಾ 20ರಿಂದ 30ರಷ್ಟಿದ್ದರೆ ಒಂದು ದಿನದ ನಡಿಗೆಗೆ ಸಾಕು. ಪ್ರಮಾಣ ಹೆಚ್ಚಿದರೆ ರಕ್ಷಣೆ ಹೆಚ್ಚು ಹೊತ್ತು ಇರುತ್ತದೆಯೇ ಹೊರತು ಹೆಚ್ಚು ಬಲವಾಗುವುದಿಲ್ಲ. ಇದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಕನ್ನಡಕದ ಚೌಕಟ್ಟು, ಗಡಿಯಾರ, ಮೊಬೈಲಿನ ಕವಚ ಜೋಪಾನ. ಅದಕ್ಕೆಂದೇ ನಾನು ಪಿಕಾರಿಡಿನ್ ಕಡೆಗೆ ತಿರುಗಿದೆ: ಶೇಕಡಾ 20ರದ್ದು, ವಾಸನೆ ಕಡಿಮೆ, ಅಂಟಿಲ್ಲ, ಪ್ಲಾಸ್ಟಿಕ್ಕಿಗೆ ತೊಂದರೆಯಿಲ್ಲ. ಬಿಸಿಲು ತಡೆಯುವ ಕ್ರೀಮು ಮೊದಲು, ಅದು ಹೀರಿಕೊಂಡ ಮೇಲೆ ಇದು. ಬಟ್ಟೆಗೆ, ಟೊಪ್ಪಿಗೆ, ಷೂಗೆ ಹಚ್ಚುವುದು ಪರ್ಮೆಥ್ರಿನ್. ಸೇವಂತಿಗೆಯ ಬಂಧುವೊಂದರಲ್ಲಿ ಸಿಗುವ ವಿಷದ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ಕಟ್ಟಿದ ರಾಸಾಯನಿಕ ಅದು. ಹಿಂದಿನ ದಿನವೇ ಸಿಂಪಡಿಸಿ ಒಣಗಿಸಿಡಬೇಕು, ಚರ್ಮಕ್ಕೆ ಹಚ್ಚಕೂಡದು. ಒದ್ದೆಯಿರುವಾಗ ಬೆಕ್ಕಿಗೆ ಮಾರಕ, ತೊರೆಗೆ ಬಿದ್ದರೆ ಮೀನಿಗೆ ಮಾರಕ. ಬೆಳ್ಳುಳ್ಳಿ ತಿಂದರೆ, ಬಿ ವಿಟಮಿನ್ ಮಾತ್ರೆ ನುಂಗಿದರೆ ಕಚ್ಚುವುದಿಲ್ಲವೆಂಬ ನಂಬಿಕೆಗೆ ಪ್ರಯೋಗಗಳಲ್ಲಿ ಆಧಾರ ಸಿಕ್ಕಿಲ್ಲ.

ಅಲ್ಲಿನವರ ಲೆಕ್ಕದಲ್ಲಿ ಕಪ್ಪು ನೊಣದ ಕಾಲ ಅಮ್ಮಂದಿರ ದಿನದಿಂದ ಅಪ್ಪಂದಿರ ದಿನದವರೆಗೆ, ಅಂದರೆ ಮೇ ನಡುವಿನಿಂದ ಜೂನ್ ನಡುವಿನವರೆಗೆ. ಅದು ಇಳಿಮುಖವಾಗುವ ಹೊತ್ತಿಗೆ ಇನ್ನೊಂದು ಏಳುತ್ತದೆ.

ಅದು ಜಿಂಕೆ ನೊಣ, ನಮ್ಮ ಊರಿನ ದನಗಳನ್ನು ಕಾಡುವ ದೊಡ್ಡ ಕುದುರೆ ನೊಣದ ಚಿಕ್ಕ ತಂಗಿ. ಜುಲೈ ತಿಂಗಳಲ್ಲಿ ತೇವದ ಕಾಡುದಾರಿಯಲ್ಲಿ ನಡೆದರೆ ತಲೆಯ ಸುತ್ತ ಗಿರಗಿರನೆ ಸುತ್ತುತ್ತಾ ಒಂದು ಕಿಲೋಮೀಟರು ಹಿಂಬಾಲಿಸುತ್ತದೆ. ಕಚ್ಚಿದರೆ ಅರಿವಾಗದಿರುವ ಮಾತೇ ಇಲ್ಲ, ಬ್ಲೇಡಿನಿಂದ ಗೀರಿದಂತೆ ಉರಿಯುತ್ತದೆ. ಸತ್ತ ಒಂದನ್ನು ಹತ್ತಿರದಿಂದ ನೋಡಿ: ರೆಕ್ಕೆಯ ಮೇಲೆ ಕಂದು ಪಟ್ಟೆ, ಮುಖವನ್ನೆಲ್ಲ ಆವರಿಸಿದ ಹಸಿರು ಚಿನ್ನದ ಕಣ್ಣು, ಅದರೊಳಗೆ ನೇರಳೆ ಚುಕ್ಕಿ. ಎರಡು ಕಣ್ಣುಗಳ ನಡುವೆ ತೆಳ್ಳಗೆ ಗೆರೆಯಷ್ಟು ಜಾಗವಿದ್ದರೆ ಹೆಣ್ಣು; ಕಣ್ಣುಗಳು ಒಂದಕ್ಕೊಂದು ತಾಗಿದ್ದರೆ ಗಂಡು. ಈ ಕಣ್ಣೇ ಅದರ ಬಲ. ಹಾಗಾಗಿ ವಾಸನೆ ಮರೆಸುವ ಲೇಪಗಳು ಇದರ ಮುಂದೆ ಸೊರಗುತ್ತವೆ.

ಕುದುರೆ ನೊಣಗಳ ಕಣ್ಣಿಗೆ ನಮಗಿಲ್ಲದ ಒಂದು ಶಕ್ತಿಯಿದೆ. ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವುದನ್ನು ಅವು ಗುರುತಿಸುತ್ತವೆ. ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕು ಹಾಗೆ ಅಡ್ಡಲಾಗಿ ಕಂಪಿಸುತ್ತದೆ. ಹೊಳೆಯುವ ಕಪ್ಪು ಮೈಯಿಂದ ಬರುವುದೂ ಹಾಗೆಯೇ. ನೀರು ಹುಡುಕುವ ನೊಣಕ್ಕೆ ಕಪ್ಪು ಕುದುರೆಯೂ ಕಪ್ಪು ಕಾರೂ ಕೆರೆಯಂತೆ ಕರೆಯುತ್ತವೆ. ಬುಡಾಪೆಸ್ಟಿನ ವಿಜ್ಞಾನಿ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು ಇದನ್ನು ಒಂದರ ಹಿಂದೊಂದು ಪ್ರಯೋಗದಿಂದ ತೋರಿಸಿದರು. ಬಿಳಿ ಕುದುರೆಗೆ ಕಾಟ ಕಡಿಮೆ ಎಂಬುದಕ್ಕೆ ಸಿಕ್ಕ ಕಾರಣ ಇದು. ಟಿಮ್ ಕ್ಯಾರೋ ಅವರ ತಂಡ 2019ರಲ್ಲಿ ಇಂಗ್ಲೆಂಡಿನ ಕುದುರೆಗಳಿಗೆ ಜೀಬ್ರಾ ಪಟ್ಟೆಯ ಹೊದಿಕೆ ತೊಡಿಸಿತು. ನೊಣಗಳು ಹತ್ತಿರ ಬಂದವು, ಆದರೆ ಪಟ್ಟೆಯ ಮೇಲೆ ಇಳಿಯುವ ಕ್ಷಣದಲ್ಲಿ ವೇಗ ತಗ್ಗಿಸಲಾಗದೆ ಬಡಿದೋ ಹಾದುಹೋಗಿಯೋ ತಪ್ಪಿದವು. ಅದೇ ಕುದುರೆಯ ಬರಿ ತಲೆಯ ಮೇಲೆ ಮಾತ್ರ ಎಂದಿನಷ್ಟೇ ಕೂತವು. ಅದೇ ವರ್ಷ ಜಪಾನಿನಲ್ಲಿ ಟೊಮೊಕಿ ಕೊಜಿಮಾ ಮತ್ತು ಗೆಳೆಯರು ಆರು ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದು ನೋಡಿದರು. ಕಚ್ಚುವ ನೊಣಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು.

ಇದನ್ನು ಓದುವಾಗ ನಮ್ಮ ಕೊಟ್ಟಿಗೆಯ ಕಪ್ಪು ಗಿಡ್ಡ ಹಸು ಕಣ್ಣೆದುರು ಬಂತು. ತೊಣಚಿ ಕೂತಲ್ಲೆಲ್ಲ ಚರ್ಮ ನಡುಗಿಸುತ್ತಾ, ಹಾಲು ಕರೆಯುವಾಗ ಚೊಂಬು ಒದೆಯುತ್ತಿತ್ತು. ಅದಕ್ಕೆ ನಾವು ಸಿಡುಕಿ ಎಂದು ಹೆಸರಿಟ್ಟಿದ್ದೆವು. ಕಾಯಿಲೆಯ ದೃಷ್ಟಿಯಿಂದಲೂ ಕುದುರೆ ನೊಣ ಸಣ್ಣದಲ್ಲ. ಕುದುರೆ, ಒಂಟೆ, ದನಗಳಿಗೆ ಬರುವ ಸರ್ರಾ ರೋಗದ ಪರಾವಲಂಬಿಯನ್ನು ಗ್ರಿಫಿತ್ ಎವಾನ್ಸ್ ಎಂಬ ಪಶುವೈದ್ಯ 1880ರಲ್ಲಿ ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕಂಡುಹಿಡಿದ. ಅದನ್ನು ಪ್ರಾಣಿಯಿಂದ ಪ್ರಾಣಿಗೆ ದಾಟಿಸುವುದು ಬಹುಮಟ್ಟಿಗೆ ಕುದುರೆ ನೊಣವೇ. ಆಫ್ರಿಕದಲ್ಲಿ ಕಪ್ಪು ನೊಣ ಹರಡುವ ನದಿಗುರುಡು ಎಂಬ ರೋಗ ಹಳ್ಳಿಗಟ್ಟಲೆ ಜನರ ಕಣ್ಣು ಕಸಿದಿತ್ತು. ಐವರ್‌ಮೆಕ್ಟಿನ್ ಮಾತ್ರೆ 1987ರಿಂದ ಉಚಿತವಾಗಿ ಸಿಗತೊಡಗಿದ ಮೇಲೆ ಅದರ ಹಿಡಿತ ಸಡಿಲಿತು. ಅಡಿರಾಂಡ್ಯಾಕಿನ ಕಪ್ಪು ನೊಣ ಮನುಷ್ಯರಿಗೆ ಯಾವ ರೋಗವನ್ನೂ ತರುವುದಿಲ್ಲ. ಮಗಳ ಮನೆಗೆ ಹೋದ ತಾಯಂದಿರು ಮೊದಲು ಕೇಳುವ ಪ್ರಶ್ನೆ ಇದು, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಜಿಂಕೆ ನೊಣಕ್ಕೆ ಉಪಾಯವನ್ನು ಅದರ ಕಣ್ಣೇ ಕೊಟ್ಟಿದೆ. ಚಲಿಸುವ ವಸ್ತುಗಳಲ್ಲಿ ಅತಿ ಎತ್ತರದ ಜಾಗಕ್ಕೆ ಅದು ಎರಗುತ್ತದೆ, ನೀಲಿ ಅದಕ್ಕೆ ಬಹಳ ಇಷ್ಟ. ಫ್ಲಾರಿಡಾ ವಿಶ್ವವಿದ್ಯಾಲಯದ ಕೀಟತಜ್ಞರು ನೀಲಿ ಬಣ್ಣದ ಪ್ಲಾಸ್ಟಿಕ್ ಹೂಕುಂಡಕ್ಕೆ ಅಂಟು ಬಳಿದು ನಿಧಾನವಾಗಿ ಸಾಗುವ ವಾಹನದ ಮೇಲಿಟ್ಟು ಹಿಡಿದು ತೋರಿಸಿದರು. ನಡೆಯುವವರಿಗೆ ಅದರ ಪುಟ್ಟ ರೂಪ ಸಾಕು: ಟೊಪ್ಪಿಯ ಹಿಂಬದಿಗೆ ಎರಡು ಕಡೆಯೂ ಅಂಟಿರುವ ಪಟ್ಟಿ. ಗುಂಪಿನಲ್ಲಿ ಎಲ್ಲರಿಗಿಂತ ಎತ್ತರದವರ ಟೊಪ್ಪಿಗೆ ಅಂಟಿಸಿದರೆ ಉಳಿದವರೂ ಬಹುಮಟ್ಟಿಗೆ ಪಾರು. ಮುಂದಿನ ಪ್ರವಾಸದಲ್ಲಿ, ಜುಲೈನಲ್ಲಿ, ತಂಗಿಯ ಮಗನ ಟೊಪ್ಪಿಗೆ ಒಂದು ಪಟ್ಟಿ ಅಂಟಿಸಿ ಕೆರೆಯ ಸುತ್ತಿನ ದಾರಿಯಲ್ಲಿ ಎರಡು ಗಂಟೆ ನಡೆದೆವು. ಹಿಂದೆ ನಡೆಯುತ್ತಿದ್ದ ನನಗೆ ಒಂದೊಂದು ನೊಣ ಬಂದು ಅಂಟುವುದು ಕಾಣುತ್ತಿತ್ತು. ಕಾರಿನ ಬಳಿ ಬಂದು ಪಟ್ಟಿ ತೆಗೆದು ಎಣಿಸಿದರೆ ಹತ್ತೊಂಬತ್ತು. ಹತ್ತೊಂಬತ್ತರ ಕಣ್ಣುಗಳ ನಡುವೆಯೂ ಆ ತೆಳ್ಳನೆಯ ಗೆರೆಯಿತ್ತು.

ಇಷ್ಟೆಲ್ಲ ಮಾಡಿಯೂ ಕಚ್ಚಿಸಿಕೊಂಡರೆ ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ತುರಿಕೆ ಜೋರಾದರೆ ಸೆಟ್ರಿಜಿನ್ ಮಾತ್ರೆ, ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಮುಲಾಮು. ಬೇರೆ ಔಷಧಿ ತೆಗೆದುಕೊಳ್ಳುವ ಹಿರಿಯರು ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿಕೊಂಡಿರಲಿ. ಉಗುರು ಮಾತ್ರ ತಾಗಿಸಬೇಡಿ, ನನ್ನ ಕಿವಿ ಕೀವಾದದ್ದು ಕೆರೆದಿದ್ದರಿಂದ. ತುಟಿ, ನಾಲಗೆ ಊದಿ ಉಸಿರಾಟಕ್ಕೆ ತೊಡಕಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಮಗುವಿನ ಕಣ್ಣಿನ ಬಳಿ ಕಚ್ಚಿದರೆ ಬೆಳಿಗ್ಗೆ ಏಳುವಷ್ಟರಲ್ಲಿ ರೆಪ್ಪೆ ಮುಚ್ಚಿಹೋಗುವಷ್ಟು ಊದಬಹುದು. ನೋಡಲು ಭಯವಾದರೂ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದವರು ಸೆಪ್ಟೆಂಬರಿನಲ್ಲಿ ಹೋಗಲಿ. ಆಗ ಮೇಪಲ್ ಎಲೆ ಕೆಂಪಾಗುತ್ತಿರುತ್ತದೆ, ಗಾಳಿಯಲ್ಲಿ ನೊಣ ಇರುವುದು ಅಪರೂಪ. ಮೇ ತಿಂಗಳಲ್ಲೇ ಹೋಗಬೇಕಾದವರು ಬುತ್ತಿಯನ್ನು ಬೋಳು ಬಂಡೆಯ ಮೇಲೆ ಬಿಚ್ಚಿ, ಊಟವಾದ ಮೇಲೆ ಬಲೆ ಇಳಿಬಿಟ್ಟುಕೊಂಡು ತೊರೆಗೆ ಹೋಗಿ ಒಂದು ಕಲ್ಲನ್ನೆತ್ತಿ ನೋಡಲಿ. ನೋಡಿದ ಮೇಲೆ ಆ ಕಲ್ಲನ್ನು ಇದ್ದ ಜಾಗದಲ್ಲೇ, ಇದ್ದ ಮಗ್ಗುಲಲ್ಲೇ ಇಡಬೇಕು. ಬೀಸಣಿಗೆ ಬಿಚ್ಚಿ ನಿಂತವು ಇರುವುದು ಅದರ ಮೇಲುಭಾಗದಲ್ಲಿ.